ಕೆಲಸದ ಮನೆಗೆ ಎಲ್ಲರಿಗೂ ಬಾಗಿಲು



ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಿಗೂ ಇಂದು ಗಣಕಯಂತ್ರದ ಉದ್ಯೋಗಗಳ ಮೇಲೆ ಆಸೆಯಿದೆ. ಅಂಥ ಕಚೇರಿಗಳಲ್ಲಿ ತಮ್ಮಂಥವರಿಗೆ ಸ್ಥಳ ದೊರೆತೀತೇ ಎಂಬ ಅಳುಕೂ ಇದೆ. ಈ ಅಳುಕನ್ನು ಬರಿಯ ಧೈರ್ಯದ ಮಾತಿನಿಂದ ಕಳೆಯಲಾಗದು. ಹೊರಗುಳಿದವರಿಗೆ ಸ್ಥಳ ಮಾಡಿಕೊಟ್ಟವರ ನಿದರ್ಶನ ಬೇಕು. ಇಂಗ್ಲೆಂಡಿನ ಸ್ಟೆಫನಿ ಶರ್ಲಿ ಅವರ ಜೀವನ ಅಂಥದೊಂದು ನಿದರ್ಶನ.

1933ರಲ್ಲಿ ಜರ್ಮನಿಯ ಡಾರ್ಟ್‌ಮಂಡ್ ನಗರದಲ್ಲಿ ಯೆಹೂದಿ ತಂದೆಯ ಮಗಳಾಗಿ ಹುಟ್ಟಿದ ಆಕೆ, ನಾಜಿಗಳ ಹಿಂಸೆಯಿಂದ ಪಾರಾಗಲು 1939ರಲ್ಲಿ ಅಕ್ಕನೊಡನೆ ಇಂಗ್ಲೆಂಡಿಗೆ ಬಂದಾಗ ವಯಸ್ಸು ಐದು. ತಾಯ್ತಂದೆಯರು ಆ ರೈಲಿನಲ್ಲಿರಲಿಲ್ಲ. ತಾಯ್ನುಡಿ ಜರ್ಮನ್, ಆಶ್ರಯ ಕೊಟ್ಟ ಮನೆಯ ಮಾತು ಇಂಗ್ಲಿಷ್. ಶಾಲೆಯಲ್ಲಿ ಗಣಿತದ ಒಲವು ಬೆಳೆಯಿತು. ಆದರೆ ಹೆಣ್ಣುಮಕ್ಕಳ ಆ ಶಾಲೆಯಲ್ಲಿ ಮೇಲಿನ ಹಂತದ ಗಣಿತವನ್ನು ಕಲಿಸುತ್ತಿರಲಿಲ್ಲ. ಕೊನೆಗೆ ಹುಡುಗರ ಶಾಲೆಗೆ ಹೋಗಿ ಆ ಪಾಠ ಕೇಳಲು ಅನುಮತಿ ದೊರೆಯಿತು. ವೇಳಾಪಟ್ಟಿಯ ಲೆಕ್ಕದಲ್ಲಿ ಅದು ಸಣ್ಣ ಹೊಂದಾಣಿಕೆ. ಆ ಬಾಲಕಿಗೆ ಅದೇ ಬಾಳಿನ ದಾರಿಯಾಯಿತು.

ಮುಂದೆ ಲಂಡನ್ನಿನ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತ, ಸಂಜೆಯ ತರಗತಿಗಳಲ್ಲಿ ಕಲಿತು ಅವರು ಗಣಿತದ ಪದವಿ ಪಡೆದರು. ಹೆಣ್ಣೆಂಬ ಕಾರಣಕ್ಕೆ ಬಡ್ತಿಗೆ ಅಡ್ಡಿಗಳು ಎದುರಾದವು. 1962ರಲ್ಲಿ, ಕೇವಲ ಆರು ಪೌಂಡುಗಳ ಬಂಡವಾಳದಿಂದ, ಮನೆಯ ಮೇಜಿನ ಮೇಲೆಯೇ ತಂತ್ರಾಂಶ ಬರೆಯುವ ಕಂಪನಿಯನ್ನು ಆರಂಭಿಸಿದರು. ಮದುವೆಯಾಗಿಯೋ ಮಗುವಾಗಿಯೋ ಉದ್ಯೋಗ ಬಿಟ್ಟ ವಿದ್ಯಾವಂತ ಸ್ತ್ರೀಯರಿಗೆ ಕೆಲಸ ಕೊಡುವುದೇ ಅದರ ಗುರಿಯಾಗಿತ್ತು.

ಗುರಿಗೆ ತಕ್ಕಂತೆ ಅವರು ಕೆಲಸದ ಕ್ರಮವನ್ನೇ ಬದಲಾಯಿಸಿದರು ಎಂಬುದು ಇಲ್ಲಿ ಮುಖ್ಯ. ಕೆಲಸಗಾರರು ಕಚೇರಿಗೆ ಬರಬೇಕಾಗಿರಲಿಲ್ಲ. ಮನೆಯಲ್ಲಿಯೇ ಕುಳಿತು ಕಾಗದದ ಮೇಲೆ ಪೆನ್ಸಿಲಿನಿಂದ ಕ್ರಮವಿಧಿಗಳನ್ನು ಬರೆಯುತ್ತಿದ್ದರು; ಆ ಹಾಳೆಗಳು ಗಣಕಕೇಂದ್ರಕ್ಕೆ ಹೋಗಿ ಅಲ್ಲಿ ರಂಧ್ರಪಟ್ಟಿಗಳಾಗುತ್ತಿದ್ದವು. ಕೆಲಸ ಕೇಳಿ ಬಂದವರಿಗೆ ಮನೆಯಲ್ಲಿ ದೂರವಾಣಿ ಇದೆಯೇ ಎಂಬ ಪ್ರಶ್ನೆ ಇರುತ್ತಿತ್ತು. ಗಿರಾಕಿಗಳ ಕರೆ ಬಂದಾಗ ಮಗುವಿನ ಸದ್ದು ಕೇಳಿಸದಿರಲೆಂದು ಶರ್ಲಿ ಅವರು ಬೆರಳಚ್ಚು ಯಂತ್ರದ ಧ್ವನಿಮುದ್ರಣವನ್ನು ಹಾಕುತ್ತಿದ್ದರು. ‘ಸ್ಟೆಫನಿ’ ಎಂದು ಸಹಿ ಮಾಡಿದ ಪತ್ರಗಳಿಗೆ ಉತ್ತರ ಬಾರದಿದ್ದಾಗ, ಪತಿಯ ಸಲಹೆಯಂತೆ ‘ಸ್ಟೀವ್’ ಎಂದು ಗಂಡಸಿನ ಹೆಸರಿನಿಂದ ಸಹಿ ಮಾಡತೊಡಗಿದರು. ಆಗ ಉತ್ತರಗಳು ಬಂದವು. ಮೊದಲ 300 ಕೆಲಸಗಾರರಲ್ಲಿ 297 ಮಂದಿ ಸ್ತ್ರೀಯರು. ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಯ ತಂತ್ರಾಂಶವನ್ನು ಬರೆದವರು ಹೀಗೆ ಮನೆಯಲ್ಲಿ ಕುಳಿತ ಗೃಹಿಣಿಯರೇ.

1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದಿತು. ಸ್ತ್ರೀಯರಿಗಾಗಿಯೇ ಇದ್ದ ನೇಮಕಾತಿ ಕಾನೂನಿಗೆ ವಿರುದ್ಧವಾದುದರಿಂದ ಪುರುಷರನ್ನೂ ಸೇರಿಸಿಕೊಳ್ಳಬೇಕಾಯಿತು. ನ್ಯಾಯವೆಂಬುದು ಎರಡು ಕಡೆಗೂ ಸಲ್ಲತಕ್ಕದ್ದು. ಮುಂದೆ ಶರ್ಲಿ ಅವರು ಕಂಪನಿಯ ಷೇರುಗಳನ್ನು ಕೆಲಸಗಾರರಿಗೂ ಹಂಚಿದರು. ಅದರಿಂದ 70 ಮಂದಿ ಲಕ್ಷಾಧೀಶರಾದರು. ಅವರ ಮಗನಿಗೆ ತೀವ್ರವಾದ ಆಟಿಸಂ ಇತ್ತು. ತಮ್ಮ ಸಂಪತ್ತಿನ ಬಹುಭಾಗವನ್ನು ಅವರು ದಾನ ಮಾಡಿದರು. ಅದರಲ್ಲಿ ಹೆಚ್ಚಿನದು ಆಟಿಸಂ ಉಳ್ಳವರ ಆರೈಕೆಗೂ ಶಿಕ್ಷಣಕ್ಕೂ ಸಂದಿತು.

ಈ ವೃತ್ತಾಂತದಿಂದ ಶಿಕ್ಷಕರು ಗ್ರಹಿಸಬೇಕಾದುದೇನು? ಅರ್ಹತೆ ಇದ್ದವರೂ ಹೊರಗುಳಿಯುವುದು ಅನೇಕ ವೇಳೆ ವ್ಯವಸ್ಥೆಯ ದೋಷದಿಂದ. ಆ ದೋಷ ಶಾಲೆಯಲ್ಲಿಯೂ ಇರಬಹುದು. ಗಣಕಯಂತ್ರದ ಕೋಣೆಯಲ್ಲಿ ಕೀಲಿಮಣೆಯ ಮುಂದೆ ಹುಡುಗರೇ ಕುಳಿತು ಹುಡುಗಿಯರು ಹಿಂದೆ ನಿಂತು ನೋಡುತ್ತಿದ್ದರೆ, ಸರದಿಯ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಬಹುದು. ಹತ್ತನೆಯ ತರಗತಿಯ ಮೇಲೆ ವಿಜ್ಞಾನ ಕನ್ನಡದಲ್ಲಿ ದೊರೆಯದ ಊರುಗಳಲ್ಲಿ, ಎಂಟನೆಯ ತರಗತಿಯಿಂದಲೇ ಗಣಿತ ಮತ್ತು ವಿಜ್ಞಾನದ ಪರಿಭಾಷೆಯನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿಯೂ ರಾಜ್ಯಭಾಷೆಯಲ್ಲಿಯೂ ಪರಿಚಯಿಸಬಹುದು. ತಮ್ಮ ಶಾಲೆಯಲ್ಲಿ ಇಲ್ಲದ ವಿಷಯವನ್ನು ಕಲಿಯಬಯಸುವ ಮಗುವಿದ್ದರೆ, ನೆರೆಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಬಹುದು.

ಅಂದು ಆ ಬಾಲಕಿಗೆ ಹುಡುಗರ ಶಾಲೆಯಲ್ಲಿ ಒಂದು ಬೆಂಚು ದೊರೆಯದಿದ್ದರೆ, ಮುಂದೆ ಆ 297 ಸ್ತ್ರೀಯರು ಕೆಲಸಕ್ಕಾಗಿ ಎಲ್ಲಿಗೆ ಹೋಗುತ್ತಿದ್ದರೋ ಹೇಳಲಾಗದು. ಅಂಥ ಒಂದು ಬೆಂಚನ್ನು ಕೊಡಿಸುವ ಅಧಿಕಾರ ಪ್ರತಿಯೊಬ್ಬ ಶಿಕ್ಷಕರ ಕೈಯಲ್ಲಿಯೂ ಇದೆ.