ಸಾಲಿಗಾಗಿ ಊರಿಗೆ ಬಂದವರು

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಲ, ಠೇವಣಿ, ಬಡ್ಡಿ, ವಸೂಲಿ ಇವುಗಳ ಬಗ್ಗೆ ಕಾರ್ಯದರ್ಶಿಗಳು ವಿವರವಾಗಿ ವರದಿ ಓದಿದ್ದಾರೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ನಮ್ಮ ಹಿಂದೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಮತ್ತೆ ಅದನ್ನೇ ಹೇಳಿದರೆ ನೀವು ಎದ್ದು ಹೋಗುತ್ತೀರಿ. ನಮಗೆ ಕೊಟ್ಟ ವಿಷಯ ‘ರೈತ ಕುಟುಂಬ ಮತ್ತು ಮಕ್ಕಳ ಶಿಕ್ಷಣ’. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಶಿಕ್ಷಣದ ಮೇಲೆ ದೊಡ್ಡ ಮಾತು ಆಡುವ ಯೋಗ್ಯತೆ ನಮಗಿಲ್ಲ. ಆದರೆ ಮಕ್ಕಳ ಸಾಲಿ ಸಲುವಾಗಿ ಬೆಂಗಳೂರು ಬಿಟ್ಟು ಬಳಗಾನೂರಿಗೆ ಬಂದ ಸಂಸಾರ ನಮ್ಮದು. ಅದನ್ನಷ್ಟೇ ಹೇಳುತ್ತೇವೆ.

ಸಂಘದ ನಿರ್ದೇಶಕರಾಗಿ ಸಾಲದ ಅರ್ಜಿ ನೋಡುತ್ತಿರುತ್ತೇವೆ. ‘ಉದ್ದೇಶ’ ಎಂಬ ಕಡೆ ಮೊದಲು ಎತ್ತು, ಪೈಪು, ಗೊಬ್ಬರ, ಮಗಳ ಮದುವೆ ಎಂದು ಇರುತ್ತಿತ್ತು. ಈಗ ‘ಮಕ್ಕಳ ಶಿಕ್ಷಣ’ ಎಂದು ಹೆಚ್ಚು ಬರುತ್ತದೆ. ಸಾಲಕ್ಕೂ ಸಾಲಿಗೂ ಒಂದು ಗುಡಿಸಿನ ವ್ಯತ್ಯಾಸ ಅಷ್ಟೇ ಉಳಿದಿದೆ. ಸಿಂಧನೂರಿನಲ್ಲಿ ಮನೆ ಬಾಡಿಗೆ ಹಿಡಿಯಬೇಕು, ಹುಡುಗನನ್ನು ಇಂಗ್ಲಿಷ್ ಸಾಲಿಗೆ ಹಾಕಬೇಕು, ತಾಯಿ ಅಲ್ಲಿ, ತಂದೆ ಇಲ್ಲಿ ಹೊಲದಲ್ಲಿ. ಇದು ತಪ್ಪು ಎಂದು ಹೇಳುವವರು ನಾವಲ್ಲ. ಸಾಲ ಮಂಜೂರು ಮಾಡಿ ಸಹಿ ಹಾಕಿದವರೂ ನಾವೇ. ಆದರೆ ಊರು ಬಿಟ್ಟು ಹೋಗುವ ದಾರಿಯನ್ನು ಎಲ್ಲರೂ ಹೇಳಿಕೊಡುತ್ತಾರೆ, ಊರಿಗೆ ಬರುವ ದಾರಿ ಹೇಳುವವರಿಲ್ಲ.

ನಮ್ಮ ಕಡೆಯವರು ಬೆಂಗಳೂರಿಗೆ ಹೋಗುವುದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹತ್ತಿದ ಹೊಲದವನು ನೆಲ್ಲು ಹಚ್ಚುತ್ತಾನೆ; ನೀರು ಬರದ ಹೊಲದವನು, ಇಲ್ಲವೇ ಕಾಲುವೆಯ ಕೊನೆ ಭಾಗದವನು, ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟುತ್ತಾನೆ. ಗುಳೆ ಎಂಬ ಶಬ್ದ ರಾಯಚೂರು ಜಿಲ್ಲೆಯ ಮಕ್ಕಳು ಪುಸ್ತಕದಿಂದ ಕಲಿಯುವುದಿಲ್ಲ. ನಾವು 2006ರಲ್ಲಿ ಹೋದೆವು. ಮೊದಲು ಕಟ್ಟಡದ ಕೆಲಸ, ಆಮೇಲೆ ಮೇಸ್ತ್ರಿ, ಆಮೇಲೆ ಸಾಮಾನಿನ ಲೆಕ್ಕ ನೋಡುವ ಕೆಲಸ. ತಗಡಿನ ಶೆಡ್ಡಿನಿಂದ ಒಂದು ಕೋಣೆಯ ಬಾಡಿಗೆ ಮನೆಗೆ ಬಂದಾಗ ಸ್ವರ್ಗ ಸಿಕ್ಕಂತಾಗಿತ್ತು. ಮಗನನ್ನು ಅಲ್ಲಿಯ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಸಾಲಿಗೆ ಹಾಕಿದೆವು. ಟೈ, ಬೂಟು, ವ್ಯಾನು ಎಲ್ಲ ಇತ್ತು. ಮನೆಯಲ್ಲಿ ಪಾಠ ಹೇಳಿಕೊಡುವವರು ಇರಲಿಲ್ಲ. ಹುಡುಗ ಮೂರನೇತ್ತಿಯಲ್ಲಿದ್ದಾಗ ಇಂಗ್ಲಿಷ್ ಪದ್ಯ ಗಿಳಿಯಂತೆ ಒಪ್ಪಿಸುತ್ತಿದ್ದ, ಅರ್ಥ ಕೇಳಿದರೆ ಮುಖ ನೋಡುತ್ತಿದ್ದ. ಊರಿಗೆ ಜಾತ್ರೆಗೆ ಬಂದರೆ ಅಜ್ಜನ ಹೆಸರಿನ ಫಲಕ ಓದಲು ಬರಲಿಲ್ಲ. ನಮ್ಮ ತಂದೆಯವರು ಏನೂ ಅನ್ನಲಿಲ್ಲ. ‘ಫೀಸು ಎಷ್ಟಪಾ’ ಎಂದು ಮಾತ್ರ ಕೇಳಿದರು.

ಫೀಸಿನ ಲೆಕ್ಕ ನಿಮಗೆ ಹೇಳಬೇಕಾಗಿಲ್ಲ. ನಮ್ಮ ದುಡಿಮೆಯ ಅರ್ಧ ಬಾಡಿಗೆ ಮತ್ತು ಸಾಲಿಗೆ ಹೋಗುತ್ತಿತ್ತು. ಮಗಳಿಗೆ ಒಂದನೇತ್ತಿಯ ವಯಸ್ಸು ಬಂತು. ಇಬ್ಬರನ್ನೂ ಅದೇ ಸಾಲಿಗೆ ಕಳಿಸಿದರೆ ಊರಲ್ಲಿರುವ ನಾಲ್ಕು ಎಕರೆಯನ್ನು ಲಾವಣಿಗೆ ಅಲ್ಲ, ಮಾರಾಟಕ್ಕೇ ಹಚ್ಚಬೇಕು. 2015ರ ಬೇಸಿಗೆಯಲ್ಲಿ ಮನೆಯವರು ಹೇಳಿದರು: ‘ನೀವು ಇಲ್ಲಿರ್ರಿ, ನಾ ಹುಡುಗರನ್ನ ಕರಕೊಂಡು ಊರಿಗೆ ಹೊಕ್ಕೀನಿ. ಅಲ್ಲಿ ಸಾಲಿ ಐತಿ, ಅಜ್ಜ ಅಜ್ಜಿ ಅದಾರ.’ ನಿರ್ಧಾರ ಅವರದು. ಭಾಷಣ ಮಾಡುವ ಭಾಗ್ಯ ನಮಗೆ ಬಂದಿದೆ.

ಇಲ್ಲಿ ತಾಯಂದಿರು ಸ್ವಲ್ಪ ಗಮನ ಕೊಡಬೇಕು. ಮಗನ ಟಿ.ಸಿ. ಕೇಳಲು ಹೋದಾಗ ಆ ಸಾಲಿಯವರು ಮುಂದಿನ ವರ್ಷದ ಫೀಸಿನ ಒಂದು ಕಂತು ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದರು. ಮೂರು ಸಲ ಅಡ್ಡಾಡಿದೆವು, ಮೂರು ದಿನದ ಕೂಲಿ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 5ನೇ ಕಲಮಿನಲ್ಲಿ ಮಗು ಸರಕಾರಿ ಸಾಲಿಗೆ ವರ್ಗವಾಗಿ ಹೋಗುವ ಹಕ್ಕು ಹೇಳಿದೆ. ಹಳೇ ಸಾಲಿಯ ಮುಖ್ಯಸ್ಥರು ತಕ್ಷಣ ಟಿ.ಸಿ. ಕೊಡಬೇಕು. ಟಿ.ಸಿ. ಬರುವುದು ತಡವಾಯಿತೆಂದು ಹೊಸ ಸಾಲಿಯವರು ಸೇರಿಸಿಕೊಳ್ಳುವುದನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತೂ ಇಲ್ಲ. ಜೂನ್ ದಾಟಿ ಬಂದರೂ ಸೇರಿಸಿಕೊಳ್ಳಬೇಕು. ಜನ್ಮ ದಾಖಲೆ ಇಲ್ಲ ಎಂಬುದೂ ಅಡ್ಡಿಯಲ್ಲ. ಒಂದರಿಂದ ಎಂಟನೇ ತರಗತಿಯವರೆಗೆ ಈ ಮಾತು. ಈ ನಾಲ್ಕು ಸಾಲು ಗೊತ್ತಿಲ್ಲದೆ ಎಷ್ಟೋ ಹುಡುಗರು ಗುಳೆಯಿಂದ ಬಂದು ಆರು ತಿಂಗಳು ದನ ಕಾಯುತ್ತಾ ಕೂಡುತ್ತಾರೆ. ಕಡೆಗೆ ಹುಡುಗರ ಸಾಲಿಯೇ ತಪ್ಪುತ್ತದೆ. ನಮ್ಮ ಮಗನನ್ನು ಊರಿನ ಹೆಡ್‌ಮಾಸ್ತರರು ಟಿ.ಸಿ. ಕೈಗೆ ಬರುವ ಮೊದಲೇ ನಾಲ್ಕನೇತ್ತಿಯಲ್ಲಿ ಕೂಡಿಸಿಕೊಂಡರು. ಈಗ ಎಲ್ಲ ಮಕ್ಕಳಿಗೂ ಸ್ಯಾಟ್ಸ್ ಸಂಖ್ಯೆ ಇರುತ್ತದೆ. ಹಳೇ ಸಾಲಿಯಿಂದ ಆ ನಂಬರು ಬರೆದುಕೊಂಡು ಬನ್ನಿರಿ, ಅರ್ಧ ಕೆಲಸ ಆದಂತೆ.

ಊರಿನ ಸಾಲಿ ಸ್ವರ್ಗ ಎಂದು ಹೇಳಿದರೆ ಇಲ್ಲಿ ಕುಳಿತ ಗುರುಗಳೇ ನಕ್ಕಾರು. ನಮ್ಮ ಭಾಗದಲ್ಲಿ ಖಾಲಿ ಹುದ್ದೆಗಳು ಬಹಳ, ಅತಿಥಿ ಶಿಕ್ಷಕರ ಮೇಲೆ ಗಾಡಿ ನಡೆದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ರಾಯಚೂರಿನ ಹೆಸರು ಹುಡುಕುವಾಗ ಕೆಳಗಿನಿಂದ ಓದುವ ರೂಢಿ ನಮಗೆಲ್ಲ ಆಗಿದೆ. ಮೊದಲ ವರ್ಷ ಮಗನ ಕನ್ನಡ ಕೇಳಿ ಹುಡುಗರು ನಕ್ಕರು. ಅವನು ಬೆಂಗಳೂರಿನಂತೆ ‘ಹೋಗ್ತೀನಿ ಗುರು’ ಎನ್ನುವುದು, ಇವರು ‘ಏ, ಗುರುಗಳು ಅಲ್ಲಿ ಅದಾರ’ ಎನ್ನುವುದು. ಮೂರು ತಿಂಗಳು ಅಳುತ್ತಿದ್ದ. ಆಮೇಲೆ ಅವನನ್ನು ಮನೆಗೆ ಕರೆಯಲು ಬಡಿಗೆ ಹಿಡಿದು ಕೆರೆ ತನಕ ಹೋಗಬೇಕಾಯಿತು. ಅಜ್ಜನ ಹತ್ತಿರ ಕುಳಿತು ಪೇಪರ್ ಓದಿ ಓದಿ ಒಂದು ವರ್ಷದಲ್ಲಿ ಕನ್ನಡ ಸರಿಹೋಯಿತು. ಬೆಂಗಳೂರಿನ ಪುಸ್ತಕದಲ್ಲಿ ಅಶೋಕ ಎಂದರೆ ಎಲ್ಲೋ ಪಾಟ್ನಾದ ಕಡೆಯ ರಾಜ. ಇಲ್ಲಿ ಗುರುಗಳು ಮಕ್ಕಳನ್ನು ಮಸ್ಕಿಗೆ ಕರೆದೊಯ್ದು, 1915ರಲ್ಲಿ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಕೊರೆದಿದೆ ಎಂದು ತೋರಿಸಿದರು. ನಾವು ಮಸ್ಕಿ ಸಂತೆಗೆ ನೂರು ಸಲ ಹೋಗಿದ್ದೇವೆ, ಆ ಬಂಡೆಯನ್ನು ಮಗನ ಸಂಗಡವೇ ಮೊದಲ ಸಲ ನೋಡಿದ್ದು.

ಊಟದ ಮಾತೂ ಹೇಳಬೇಕು. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ರಾಯಚೂರು ಸೇರಿದ ಏಳು ಜಿಲ್ಲೆಗಳಲ್ಲಿ. 2013ರಿಂದ ಹಾಲು ಬಂತು. ತತ್ತಿ ಕೊಡುವುದೂ 2021ರ ಡಿಸೆಂಬರಿನಲ್ಲಿ ನಮ್ಮ ಈ ಭಾಗದಿಂದಲೇ ಸುರುವಾಯಿತು. ಹಿಂದುಳಿದವರು ಎಂಬ ಹೆಸರಿನಿಂದ ಸಿಕ್ಕ ಮುಂಚೂಣಿ ಇದು. ಬೆಳಗಾದರೆ ಹೊಲಕ್ಕೆ ಓಡುವ ತಾಯಿಗೆ ಮಧ್ಯಾಹ್ನ ಮಗು ಉಂಡಿದೆ ಎಂಬ ಖಾತ್ರಿ ಎಷ್ಟು ದೊಡ್ಡದು ಎಂದು ಬರೀ ಟಿಫಿನ್ ಡಬ್ಬಿ ನೋಡಿದವರಿಗೆ ತಿಳಿಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಊರಿಗೆ ಬರುವುದಾದರೆ ಯಾವಾಗ ಬರಬೇಕು? ಇದು ಭಾವನೆಯ ಮಾತಲ್ಲ, ಲೆಕ್ಕದ ಮಾತು. ಸಿಇಟಿಯಲ್ಲಿ ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. ಸರಕಾರಿ ನೇಮಕಾತಿಯಲ್ಲಿಯೂ ಗ್ರಾಮೀಣ ಮೀಸಲಾತಿ ಇದೆ. ಆದರೆ ಒಂದನೇತ್ತಿಯಿಂದ ಹತ್ತನೇತ್ತಿಯವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಓದಿದರೆ ಒಂಬತ್ತಾಣೆ ಸಿಗುವುದಿಲ್ಲ, ಏನೂ ಸಿಗುವುದಿಲ್ಲ. ನಮ್ಮ ಮಗ ನಾಲ್ಕನೇತ್ತಿಗೆ ಬಂದವನು. ಅವನಿಗೆ ಗ್ರಾಮೀಣವೂ ಇಲ್ಲ, ಕನ್ನಡ ಮಾಧ್ಯಮವೂ ಇಲ್ಲ. ನವೋದಯದ ಲೆಕ್ಕ ಬೇರೆ. ನಮ್ಮ ಜಿಲ್ಲೆಯ ನವೋದಯ ಮುದಗಲ್‌ನಲ್ಲಿದೆ. ಅಲ್ಲಿ ಆರನೇತ್ತಿಗೆ ಸೇರಲು ಕನಿಷ್ಠ ಶೇಕಡಾ 75 ಸೀಟು ಹಳ್ಳಿ ಮಕ್ಕಳಿಗೆ. ಅದಕ್ಕೆ ಮೂರು, ನಾಲ್ಕು, ಐದನೇತ್ತಿ ಹಳ್ಳಿ ಸಾಲಿಯಲ್ಲಿ ಓದಿದ್ದರೆ ಸಾಕು. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಒಂದೇ ಸಲ ಅವಕಾಶ, ಊಟ ವಸತಿ ಉಚಿತ. ಆದ್ದರಿಂದ ಬೆಂಗಳೂರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ ಫೋನಿನಲ್ಲಿ ಹೇಳುವಾಗ ಸರಿಯಾಗಿ ಹೇಳಿರಿ. ಬರುವವರು ಮಗು ಒಂದನೇತ್ತಿ ಸೇರುವಾಗ ಬರಲಿ, ಅದು ತಪ್ಪಿದರೆ ಮೂರನೇತ್ತಿಯೊಳಗೆ. ಏಳನೇತ್ತಿ ಮುಗಿಸಿ ಬರುವವನಿಗೆ ಊರಿನ ಗಾಳಿ ಸಿಗುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ. 371(ಜೆ) ಬಗ್ಗೆ ಕೆಲವರು ಕೇಳುತ್ತಾರೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಆ ಸೌಲಭ್ಯದ ನಿಯಮಗಳೇ ಬೇರೆ. ಅದನ್ನೂ ಇದನ್ನೂ ಕಲಸಬೇಡಿರಿ.

ಇನ್ನೊಂದು ತೊಡಕು ನಮ್ಮೂರಿನದೇ. ನಮ್ಮದು ಈಗ ಪಟ್ಟಣ ಪಂಚಾಯಿತಿ. ಸಿಂಧನೂರು ತಾಲೂಕಿನವರಾಗಿದ್ದವರು ಮಸ್ಕಿ ತಾಲೂಕಿನವರಾದೆವು, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆಯಿತು, ಬೀದಿಗೆ ದೀಪ ಬಂದವು, ಸಂತೋಷ. ಆದರೆ ಗ್ರಾಮೀಣ ಎಂಬ ಶಬ್ದಕ್ಕೆ ಕಾಯ್ದೆಯ ಅರ್ಥ ಬೇರೆ. ಮಹಾನಗರ, ನಗರ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯಿತಿಯ ಹದ್ದಿನೊಳಗಿನ ಸಾಲಿಯೂ ಗ್ರಾಮೀಣ ಅಲ್ಲ. ಬಾಗಿಲ ಮುಂದೆ ಎಮ್ಮೆ ಕಟ್ಟಿರಲಿ, ಹಿತ್ತಲಲ್ಲಿ ಬಣವೆ ಇರಲಿ, ಕಾಗದದಲ್ಲಿ ನಾವು ಪಟ್ಟಣದವರು. ನಮ್ಮ ಮಗಳು ಒಂದನೇತ್ತಿಯಿಂದ ಹತ್ತರವರೆಗೆ ಇಲ್ಲಿಯೇ ಓದಿದಳು, ಕಳೆದ 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಗ್ರಾಮೀಣ ಅವಳಿಗೆ ಇಲ್ಲ. ಕನ್ನಡ ಮಾಧ್ಯಮ ಇದೆ, ಅದಕ್ಕೆ ಊರಿನ ಹದ್ದು ನೋಡುವುದಿಲ್ಲ. ಆದ್ದರಿಂದ ಬೆಂಗಳೂರಿನಿಂದ ಬಂದು ಬಳಗಾನೂರಿನಲ್ಲಿ ಮನೆ ಮಾಡುವವರು ಮಗುವನ್ನು ಸೇರಿಸುವ ಮೊದಲು ಸಾಲಿ ಹದ್ದಿನ ಒಳಗಿದೆಯೋ ಹೊರಗಿದೆಯೋ ಕೇಳಿರಿ. ಎರಡು ಕಿಲೋಮೀಟರ್ ಆಚೆಯ ಹಳ್ಳಿ ಸಾಲಿಗೂ ಊರೊಳಗಿನ ಸಾಲಿಗೂ ಹತ್ತು ವರ್ಷ ಆದ ಮೇಲೆ ಬಹಳ ಅಂತರ ಬೀಳುತ್ತದೆ. ಸರಕಾರಿ ಸಾಲಿಗಳಲ್ಲೂ 2019ರಿಂದ ಅಲ್ಲಲ್ಲಿ ಇಂಗ್ಲಿಷ್ ಮಾಧ್ಯಮ ಬಂದಿದೆ. ಅದನ್ನು ಆರಿಸಿದರೆ ಕನ್ನಡ ಮಾಧ್ಯಮದ ಶೇಕಡಾ 5 ಹೋಗುತ್ತದೆ. ಬೇಕೋ ಬೇಡವೋ ನಿಮ್ಮ ಇಷ್ಟ, ತಿಳಿದು ಮಾಡಿರಿ.

ಅರ್ಧ ಸಂಸಾರದ ಕಷ್ಟ ಮುಚ್ಚಿಡಬಾರದು. ಮನೆಯವರು ಮಕ್ಕಳೊಂದಿಗೆ ಬಂದ ಮೇಲೆ ಎರಡು ವರ್ಷ ನಾವು ಬೆಂಗಳೂರಿನಲ್ಲೇ ಒಬ್ಬರೇ ಇದ್ದೆವು. ಇಲ್ಲಿ ಅವರಿಗೆ ಹೊಲ, ಅತ್ತೆ ಮಾವ, ಮಕ್ಕಳ ಹೋಂವರ್ಕು. ಅಲ್ಲಿ ನಮಗೆ ಹೋಟೆಲ್ ಅನ್ನ. ಹಬ್ಬಕ್ಕೆ ಬಂದಾಗ ಮಗಳು ಬಾಗಿಲ ಹಿಂದೆ ನಿಂತು ‘ಯವ್ವಾ, ಯಾರೋ ಬಂದಾರ’ ಎಂದದ್ದು ಉಂಟು. 2017ರಲ್ಲಿ ನಮ್ಮ ಸಂಘದ ಸಾಲದಿಂದ ಎರಡು ಎಮ್ಮೆ ತಂದು, ಲಾವಣಿಗೆ ಕೊಟ್ಟ ಹೊಲ ಬಿಡಿಸಿಕೊಂಡು ಊರಲ್ಲೇ ನಿಂತೆವು. ದುಡಿಮೆ ಇಲ್ಲದೆ ಬರೀ ಸಾಲಿ ನಂಬಿ ಸಂಸಾರ ಊರಿಗೆ ಬರಲಾರದು, ಬಂದರೂ ನಿಲ್ಲಲಾರದು.

ಅದನ್ನು 2020ರಲ್ಲಿ ಎಲ್ಲರೂ ಕಂಡೆವು. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು, ಮೇ ತಿಂಗಳಲ್ಲಿ ಬಸ್ಸು ಬಸ್ಸು ಜನ ಬೆಂಗಳೂರಿನಿಂದ ಬಂದಿಳಿದರು. ಸಾಲಿ ಬಂದ್ ಇದ್ದವು. ಆಗಸ್ಟ್‌ನಿಂದ ಅಕ್ಟೋಬರ್‌ತನಕ ವಿದ್ಯಾಗಮ ಎಂದು ಗುರುಗಳು ಗುಡಿ ಕಟ್ಟೆ, ಗಿಡದ ನೆರಳಲ್ಲಿ ಪಾಠ ಹೇಳಿದರು. ಆ ಕಟ್ಟೆಯ ಮೇಲೆ ನಮ್ಮ ಓಣಿಯ ಹುಡುಗರ ಜೋಡಿ ಬೆಂಗಳೂರಿನ ಮಕ್ಕಳೂ ಕುಳಿತಿದ್ದರು. ನಮ್ಮ ಓಣಿಯಲ್ಲೇ ನಾಲ್ಕು ಮನೆಯವರು ಸರಕಾರಿ ಸಾಲಿಗೆ ಹೆಸರು ಹಚ್ಚಿದರು. ಎರಡು ವರ್ಷದಲ್ಲಿ ಮೂರು ಮನೆಯವರು ತಿರುಗಿ ಹೋದರು. ಸಾಲಿ ಕೆಟ್ಟದಾಗಿತ್ತು ಎಂದಲ್ಲ, ಮನೆಯಲ್ಲಿ ಕೆಲಸ ಇರಲಿಲ್ಲ. ಉಳಿದ ಒಂದು ಮನೆಯವರು ಹೊಲಿಗೆ ಯಂತ್ರಕ್ಕೆ ಸಂಘದಿಂದ ಸಾಲ ತೆಗೆದುಕೊಂಡವರು. ಆ ಸಾಲ ತೀರಿದೆ. ಅವರ ಹುಡುಗಿ ಈಗ ಇಲ್ಲೇ ಹೈಸ್ಕೂಲಿನಲ್ಲಿದ್ದಾಳೆ.

ಮಗಳು ಮೊಬೈಲಿನಲ್ಲಿ ಓದಿ ಒಂದು ಸಂಗತಿ ಹೇಳಿದಳು. ಜಪಾನಿನಲ್ಲಿ ನಾಗಾನೋ ಸೀಮೆಯ ಯಾಸಾಕಾ ಎಂಬ ಗುಡ್ಡದ ಹಳ್ಳಿಯಲ್ಲಿ 1976ರಿಂದ ಪಟ್ಟಣದ ಮಕ್ಕಳನ್ನು ವರ್ಷಗಟ್ಟಲೆ ಹಳ್ಳಿಯಲ್ಲಿ ಇಟ್ಟು ಓದಿಸುವ ಪದ್ಧತಿ ಸುರುವಾಯಿತಂತೆ. ದಕ್ಷಿಣ ಕೊರಿಯಾದಲ್ಲಿ ಸೋಲ್ ನಗರದ ಶಿಕ್ಷಣ ಇಲಾಖೆಯೇ 2021ರಿಂದ ಮಕ್ಕಳನ್ನು ದಕ್ಷಿಣದ ಜೊಲ್ಲಾ ಪ್ರಾಂತದ ಹಳ್ಳಿ ಸಾಲಿಗಳಿಗೆ ಕಳಿಸುತ್ತಿದೆ. ಕೆಲವು ಮನೆಯವರು ಮಕ್ಕಳ ಜೊತೆ ತಾವೂ ಹೋಗಿ ಇರುತ್ತಾರೆ. ಅಲ್ಲಿ ಹಳ್ಳಿಗಳಲ್ಲಿ ಮಕ್ಕಳಿಲ್ಲದೆ ಸಾಲಿ ಮುಚ್ಚುವ ಹಂತಕ್ಕೆ ಬಂದಿವೆ. ನಮ್ಮಲ್ಲಿ ಮಕ್ಕಳಿಗೆ ಬರವಿಲ್ಲ, ಆದರೆ ವ್ಯಾನುಗಳು ದಿನಾ ಬೆಳಿಗ್ಗೆ ಹಳ್ಳಿ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡಿದರೆ ನಮಗೂ ಆ ದಿನ ದೂರವಿಲ್ಲ ಅನ್ನಿಸುತ್ತದೆ. ಹಾಜರಿ ಕಡಿಮೆಯಾದ ಸಾಲಿಗೆ ಮಾಸ್ತರರೂ ಕಡಿಮೆಯಾಗುತ್ತಾರೆ, ಮಾಸ್ತರರು ಕಡಿಮೆಯಾದರೆ ಉಳಿದ ಮಕ್ಕಳೂ ವ್ಯಾನು ಹತ್ತುತ್ತಾರೆ.

ಆಡಳಿತ ಮಂಡಳಿಯ ಮುಂದೆ ನಾವು ಎರಡು ಬೇಡಿಕೆ ಇಟ್ಟಿದ್ದೇವೆ, ಸರ್ವಸಾಧಾರಣ ಸಭೆಗೂ ತರುತ್ತೇವೆ. ಮಕ್ಕಳ ಸಾಲಿಗಾಗಿ ಊರಿಗೆ ಮರಳುವ ಸದಸ್ಯರ ಮನೆಯವರಿಗೆ ಎಮ್ಮೆ, ಹೊಲಿಗೆ ಯಂತ್ರ, ಕಿರಾಣಿ ಇಂಥ ಸಣ್ಣ ಸಾಲದ ಅರ್ಜಿಯನ್ನು ಮೊದಲು ತೆಗೆದುಕೊಳ್ಳಬೇಕು. ಜಾಮೀನು ಎಂದಿನಂತೆಯೇ ಇರಲಿ, ವಸೂಲಿ ವಿಷಯದಲ್ಲಿ ನಾವು ಸಡಿಲ ಕೇಳುವುದಿಲ್ಲ. ಎರಡನೆಯದು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಂಘದ ಕಚೇರಿಯಲ್ಲಿ ಟಿ.ಸಿ. ಅರ್ಜಿ, ನವೋದಯ ಅರ್ಜಿ ಬರೆದುಕೊಡಲು ಒಬ್ಬರು ಕೂಡಬೇಕು. ಸಂಬಳ ಬೇಡ, ನಮ್ಮ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಒಪ್ಪಿದ್ದಾರೆ. ಮೇಜು, ಕುರ್ಚಿ, ಒಂದು ಫ್ಯಾನು ಸಂಘ ಕೊಟ್ಟರೆ ಸಾಕು. ಫ್ಯಾನಿನ ವಿಷಯದಲ್ಲಿ ಅಧ್ಯಕ್ಷರು ಇನ್ನೂ ತಲೆ ಅಲ್ಲಾಡಿಸಿಲ್ಲ.

ಊಟದ ಸಮಯವಾಯಿತು, ಹೋಳಿಗೆ ಆರುತ್ತಿವೆ.