ಸೆರಗು ತಿರುಗಿಸಿ ನೋಡಿ



ಪ್ಯಾರೀಸ್ ಕಾರ್ನರ್‌ಗೆ ನಾವೆಲ್ಲ ಬರುವುದು ಸಗಟು ಬೆಲೆಗಾಗಿ. ಗೋಡೌನ್ ಸ್ಟ್ರೀಟ್‌ನಲ್ಲಿ ಬಟ್ಟೆ, ಆಂಡರ್ಸನ್ ಸ್ಟ್ರೀಟ್‌ನಲ್ಲಿ ಮದುವೆ ಪತ್ರಿಕೆ, ಆಚೀಚೆ ಬೀದಿಗಳಲ್ಲಿ ಮಣಿ, ಬಳೆ, ಲೇಸು. ದಸರಾ ಬಂತೆಂದರೆ ಅರಿಶಿನ-ಕುಂಕುಮದ ಜೊತೆ ಕೊಡಲು ಡಜನ್‌ಗಟ್ಟಲೆ ಸಾಮಾನು ಬೇಕಲ್ಲ! ಅದು ಬೇಡ ಎನ್ನಲು ನಾನು ಬಂದಿಲ್ಲ. ನಾನೂ ಚೀಲ ಹಿಡಿದುಕೊಂಡೇ ಬಂದಿದ್ದೇನೆ. ಆದರೆ ವರ್ಷಕ್ಕೆ ಎರಡು ಸಲವಾದರೂ, ಮಾಡಿದವರ ಕೈಯಿಂದಲೇ ಕೊಳ್ಳುವ ಜಾಗಗಳಿಗೆ ಹೋಗಿ ಬರೋಣ ಎನ್ನುವುದು ನನ್ನ ಮಾತು.

ಚೆನ್ನೈನಲ್ಲಿ ಅಂಥ ಜಾಗಗಳಿಗೆ ಕೊರತೆಯಿಲ್ಲ. ಆಳ್ವಾರ್‌ಪೇಟೆಯ ಎಲ್ಡಾಮ್ಸ್ ರಸ್ತೆಯ ಸಿ.ಪಿ. ಆರ್ಟ್ ಸೆಂಟರ್‌ನಲ್ಲಿ ಕೈಮಗ್ಗ, ಕರಕುಶಲ ಪ್ರದರ್ಶನಗಳು ನಡೆಯುತ್ತಲೇ ಇರುತ್ತವೆ. ನವರಾತ್ರಿಗೆ ಅಣ್ಣಾ ಸಾಲೈನ ಪೂಂಪುಹಾರ್‌ನಲ್ಲಿ ಬೊಂಬೆಗಳ ಪ್ರದರ್ಶನ. ತಿರುವಾನ್ಮಿಯೂರಿನಲ್ಲಿ ರುಕ್ಮಿಣೀ ದೇವಿಯವರು 1936ರಲ್ಲಿ ಕಟ್ಟಿದ ಕಲಾಕ್ಷೇತ್ರವಿದೆ. ಅಲ್ಲಿ ನೃತ್ಯವಷ್ಟೇ ಅಲ್ಲ, ನೇಯ್ಗೆ ಮತ್ತು ಕಲಂಕಾರಿ ಕೇಂದ್ರವೂ ಇದೆ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ಮುಂದೆ ಹೋದರೆ 1966ರ ಚೋಳಮಂಡಲ ಕಲಾವಿದರ ಗ್ರಾಮ. ಅಲ್ಲಿನ ಚಿತ್ರಕಾರರು ಬಾಟಿಕ್ ಮುಂತಾದ ಕೈಕೆಲಸ ಮಾರಿ ತಮ್ಮ ಚಿತ್ರಕಲೆಯನ್ನು ಸಾಕಿಕೊಂಡವರು.

ಇನ್ನೊಂದು ಹೆಮ್ಮೆಯ ವಿಷಯ. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತನ್ನು ಸ್ಥಾಪಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಆ ಪರಿಷತ್ತಿನ ಕೇಂದ್ರ ಇರುವುದು ನಮ್ಮ ಚೆನ್ನೈನಲ್ಲೇ.

ಮುಟ್ಟುಕಾಡಿನ ದಕ್ಷಿಣಚಿತ್ರವನ್ನಂತೂ ತಪ್ಪಿಸಬೇಡಿ. 1996ರಲ್ಲಿ ಶುರುವಾದದ್ದು. ಮಂಗಳವಾರ ರಜೆ. ಹಳೆಯ ಮನೆಗಳ ನಡುವೆ ಅಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಇದೆ. ಬಾಗಲಕೋಟೆ ಕಡೆಯವರಾದ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಹೊಸ್ತಿಲ ಮೇಲೆ ಕೂತುಬಿಟ್ಟರು. "ನಮ್ಮಪ್ಪ ಕುಣಿಮಗ್ಗದಾಗ ಕುಂತು ನೇಯ್ತಿದ್ದ ನೋಡವ್ವಾ. ಅಣ್ಣನ ಮಕ್ಕಳು ಒಬ್ಬರೂ ಕೂಡಲಿಲ್ಲ. ಕೂಲಿ ಸಾಲೂದಿಲ್ಲ ಅಂತ ಬಿಟ್ಟರು" ಅಂದರು. ಮನೆಯನ್ನು ಹೀಗೆ ಉಳಿಸಿಕೊಳ್ಳಬಹುದು, ಆದರೆ ಮಗ್ಗದ ಮುಂದೆ ಕೂರುವವರು ಉಳಿಯಬೇಕಾದರೆ ಕೊಳ್ಳುವವರು ಬೇಕು. ಆ ಕೊಳ್ಳುವವರು ನಾವೇ.

ಹಾಗಂತ ಪ್ರದರ್ಶನದಲ್ಲಿಟ್ಟದ್ದೆಲ್ಲ ಕೈಕೆಲಸವಲ್ಲ. ನೋಡಿ ಕೊಳ್ಳಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ತಿರುಗಿಸಿ, ಆ ಕೂಡುವ ಜಾಗ ತೋರಿಸಿ ಎಂದು ಕೇಳಿ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗಂಟು ಹಾಕುವುದಿಲ್ಲ. ಗವಂತಿಯಂತೂ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಮೆಷಿನ್ ಕೆಲಸವಾದರೆ ಹಿಂಬದಿಯೇ ಹೇಳಿಬಿಡುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯುವುದಿಲ್ಲ. ತಿರುಗುವ ಮರಕ್ಕೆ ಅರಗನ್ನು ಒತ್ತಿ ಹಿಡಿದಾಗ, ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯಲ್ಲಿ ತಿಕ್ಕಿ ಹೊಳಪು ಕೊಡುತ್ತಾರೆ.

ಇಷ್ಟು ತಿಳಿದಿದ್ದರೆ ಬೆಲೆ ಕೇಳಿ ಹುಬ್ಬೇರಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ. ಅಂಗಡಿಯ ಚೌಕಾಸಿ ಅಲ್ಲಿ ಬೇಡ. ಅಂಗಡಿಯವರು ಇದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ತೆಗೆಯಬಹುದು. ನೇದವಳು ನೂರು ರೂಪಾಯಿ ಬಿಟ್ಟರೆ ಅದು ಅವಳ ಕೂಲಿಯಿಂದಲೇ ಹೋಗುತ್ತದೆ. ದುಬಾರಿ ಎನಿಸಿದರೆ ಚಿಕ್ಕದೊಂದು ಕೊಳ್ಳಿ; ಹತ್ತು ಪ್ಲಾಸ್ಟಿಕ್ ಡಬ್ಬಿಯ ಬದಲು ಒಂದು ಕುಂಕುಮದ ಭರಣಿ.

ಕೊನೆಗೆ ಒಂದು ಬೇಡಿಕೆ. ಈ ದಸರಾದೊಳಗೆ ನಮ್ಮ ವೇದಿಕೆಯಿಂದ ಒಂದು ಭಾನುವಾರ ಬಸ್ಸು ಮಾಡಿಕೊಂಡು ಮುಟ್ಟುಕಾಡಿಗೆ ಹೋಗೋಣ. ಮಕ್ಕಳನ್ನೂ ಕರೆತನ್ನಿ. ಮಾಡುವವರ ಹತ್ತಿರ ಅವರೇ ಪ್ರಶ್ನೆ ಕೇಳಲಿ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಕೇಳಲಿ. ಬರುವವರು ಇವತ್ತೇ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ.