ಪರದೇಶದ ಉತ್ಖನನಭೂಮಿಯಲ್ಲಿ ವಿದ್ಯಾರ್ಥಿಯ ವ್ಯಾಸಂಗ



ಪರೀಕ್ಷೆಗಳಲ್ಲಿ ತೇರ್ಗಡೆಯಾದ ತರುಣನೊಬ್ಬನು ಸಮುದ್ರವನ್ನು ದಾಟಿ ಹೋಗಿ ಪರರ ನಾಡಿನ ನೆಲವನ್ನು ಅಗೆಯುವನೆಂದರೆ, “ಮಣ್ಣು ಹೊರುವುದಕ್ಕೆ ವಿಲಾಯತಿಯೇ ಆಗಬೇಕೆ?” ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ, ಖರ್ಚನ್ನು ಹೊರುವವರು ತಂದೆತಾಯಿಗಳಲ್ಲವೆ? ಇದಕ್ಕೆ ಉತ್ತರವನ್ನು ತರ್ಕದಿಂದ ಕಟ್ಟುವುದಕ್ಕಿಂತ, ನಡೆದುಹೋದ ಒಂದು ದೃಷ್ಟಾಂತದಿಂದ ಕಂಡುಕೊಳ್ಳುವುದು ಲೇಸು.

ಇಂಗ್ಲೆಂಡಿನ ದಕ್ಷಿಣದಲ್ಲಿ, ಡಾರ್ಸೆಟ್ ಪ್ರಾಂತದಲ್ಲಿ, ಮೇಡನ್ ಕ್ಯಾಸಲ್ ಎಂಬ ಗುಡ್ಡದ ಕೋಟೆಯೊಂದಿರುವುದು. ಕೋಟೆಯೆಂದರೆ ಅರಮನೆ ಬುರುಜುಗಳುಳ್ಳುದಲ್ಲ. ಸುಮಾರು 47 ಎಕರೆ ನೆಲವನ್ನು ಸುತ್ತುವರಿದ ಭಾರಿ ಮಣ್ಣುದಿಣ್ಣೆಗಳು, ಆಳವಾದ ಕಂದಕಗಳು. 1934ರಿಂದ 1937ರ ವರೆಗೆ ಮಾರ್ಟಿಮರ್ ವ್ಹೀಲರರು ಇದನ್ನು ಅಗೆಯಿಸಿದರು. ಅವರ ಪತ್ನಿ ಟೆಸ್ಸಾ ವ್ಹೀಲರರು 1936ರಲ್ಲಿ ತೀರಿಕೊಳ್ಳುವ ವರೆಗೆ ಆ ಕಾರ್ಯದಲ್ಲಿ ಸಮಭಾಗಿಗಳಾಗಿದ್ದರು. ಅಲ್ಲಿ ಕೆಲಸ ಕಲಿಯಲು ಬಂದ ವಿದ್ಯಾರ್ಥಿಗಳಲ್ಲಿ ನಮ್ಮ ದೇಶದ ಹಸಮುಖ ಧೀರಜಲಾಲ ಸಾಂಕಳಿಯಾ ಎಂಬುವರೂ ಒಬ್ಬರು. ಇವರು ಮುಂಬಯಿಯಲ್ಲಿ ಸಂಸ್ಕೃತವನ್ನು ಓದಿದವರು, ನಾಲಂದೆಯನ್ನು ಕುರಿತು ಗ್ರಂಥವನ್ನು ಬರೆದವರು. ಅಂದರೆ, ಪುಸ್ತಕದ ಪಂಡಿತರೇ ಕರಣೆಯನ್ನು ಹಿಡಿದರು.

ಅಲ್ಲಿ ಅವರಿಗೆ ದೊರೆತ ವಿದ್ಯೆಯಾವುದು? ನೆಲವನ್ನು ಚೌಕಚೌಕವಾಗಿ ಗುರುತಿಸಿ, ಚೌಕಗಳ ನಡುವೆ ಅಗೆಯದ ಮಣ್ಣಿನ ಒಡ್ಡುಗಳನ್ನು ಉಳಿಸುವುದು ವ್ಹೀಲರರ ಪದ್ಧತಿ. ಆ ಒಡ್ಡಿನ ಮಗ್ಗುಲನ್ನು ನುಣ್ಣಗೆ ಕೆತ್ತಿದರೆ ಕಪ್ಪು, ಕೆಂಪು, ಬೂದಿಬಣ್ಣದ ಪದರಗಳು ಒಂದರ ಮೇಲೊಂದು ಕಾಣುವುವು. ಒಂದೊಂದು ಪದರಕ್ಕೂ ಸಂಖ್ಯೆಯನ್ನಿಟ್ಟು, ದೊರೆತ ಬೋಕಿಯು ಯಾವ ಪದರದ್ದೆಂಬುದನ್ನು ಆಗಲೇ ಬರೆದಿಡಬೇಕು. ತಾಳೆಗರಿಗಳನ್ನು ಪರಿಶೋಧಿಸಿದವರಿಗೆ ಈ ಕ್ರಮವು ಹೊಸದಾಗಿ ತೋರದು. ಲಿಪಿಕಾರನು ಅಂಚಿನಲ್ಲಿ ಬರೆದ ಟಿಪ್ಪಣಿಯು ಮುಂದಿನ ಪ್ರತಿಯಲ್ಲಿ ಮೂಲಪಾಠದೊಳಗೆ ಸೇರಿಬಿಡುವಂತೆ, ತರುವಾಯದವರು ತೋಡಿದ ಗುಂಡಿಯೊಳಗಿನ ನಾಣ್ಯವು ಹಳೆಯ ಪದರದಲ್ಲಿ ಬಿದ್ದಿರುವುದುಂಟು. ಗುಂಡಿಯ ಅಂಚನ್ನು ಗುರುತಿಸದವನು ನೂರಾರು ವರ್ಷಗಳನ್ನು ತಪ್ಪಿ ಎಣಿಸುವನು. ಈ ವಿವೇಕವು ಪುಸ್ತಕದಿಂದ ಬಾರದು. ಮೊಣಕಾಲೂರಿ ಕುಳಿತು, ಮಣ್ಣಿನ ಬಣ್ಣವನ್ನೂ ಮೆದುವನ್ನೂ ಬೆರಳಿನಿಂದ ತಿಳಿದವನಿಗೆ ಮಾತ್ರ ಬರುವುದು. ಕಾಯಕವನ್ನು ಬಾಯಿಮಾತಿನಲ್ಲಿ ಹೊಗಳಿ, ಓದಿದ ಮಗನು ಗುದ್ದಲಿ ಮುಟ್ಟಿದರೆ ನಾಚುವ ಮನೆಗಳು ನಮ್ಮಲ್ಲಿಯೂ ಇಲ್ಲದಿಲ್ಲ.

ಕೋಟೆಯ ಪೂರ್ವದ್ವಾರದ ಬಳಿ ಒಂದೇ ರಾಶಿಯಲ್ಲಿ 20,000ಕ್ಕೂ ಮಿಕ್ಕ ಕವಣೆಕಲ್ಲುಗಳು ದೊರೆತುವು. ಅವು ಕಡಲತಡಿಯಿಂದ ತಂದ ಉರುಟುಕಲ್ಲುಗಳು. ಅದೇ ದ್ವಾರದಲ್ಲಿ ಗೋರಿಗಳೂ ಕಾಣಿಸಿಕೊಂಡುವು. ಕೆಲವರ ತಲೆಬುರುಡೆಗಳಲ್ಲಿ ಕತ್ತಿಯೇಟಿನ ಗಾಯಗಳಿದ್ದುವು. ಒಬ್ಬನ ಬೆನ್ನೆಲುಬಿನಲ್ಲಿ ಕಬ್ಬಿಣದ ಅಲಗು ನೆಟ್ಟಿದ್ದಿತು. ಆದರೂ ಅವರ ಪಕ್ಕದಲ್ಲಿ ಮಣ್ಣಿನ ಪಾತ್ರೆಗಳನ್ನು ಇಡುವುದನ್ನು ಬಂಧುಗಳು ಮರೆತಿರಲಿಲ್ಲ.

ಲಿಂಗೈಕ್ಯರಾದವರನ್ನು ಭೂಮಿಯಲ್ಲಿಯೇ ನೆಲೆಗೊಳಿಸುವ ಲಿಂಗಾಯತ ಸಮಾಜಕ್ಕೆ ಇಲ್ಲಿ ಒಂದು ಸಂಕೋಚವು ಹುಟ್ಟುವುದು ಸಹಜ. ಸತ್ತವರ ನಿದ್ರೆಯನ್ನು ಕೆಡಿಸಬಹುದೆ? ಈ ಸಂಕೋಚವನ್ನು ವಿದ್ಯಾರ್ಥಿಯು ಎಂದಿಗೂ ಬಿಡಬಾರದು. ಅದನ್ನು ಇಟ್ಟುಕೊಂಡೇ ಅಗೆಯುವವನ ಕೈ ಮೃದುವಾಗುವುದು. ಅದಿಲ್ಲದವನು ನಿಧಿ ಹುಡುಕುವ ಕಳ್ಳನಿಗಿಂತ ಹೆಚ್ಚಿನವನಲ್ಲ. ಪರನಾಡಿನವರ ಪೂರ್ವಿಕರ ಎಲುಬನ್ನು ಕುಂಚದಿಂದ ಒರಸಿದವನು ಊರಿಗೆ ಮರಳಿದ ಬಳಿಕ ನೆರೆಯವರ ಸಮಾಧಿಯನ್ನೂ ತನ್ನ ಹಿರಿಯರ ಸಮಾಧಿಯನ್ನೂ ಬೇರೆ ಕಣ್ಣುಗಳಿಂದ ನೋಡಲಾರನು.

ಆ ಮೃತರು ಕ್ರಿಸ್ತಶಕ 43ರಲ್ಲಿ ರೋಮನರು ಬ್ರಿಟನ್ನಿಗೆ ದಂಡೆತ್ತಿ ಬಂದ ಕಾಲದ ಸಂಗ್ರಾಮದಲ್ಲಿ ಮಡಿದವರೆಂದು ವ್ಹೀಲರರು 1943ರಲ್ಲಿ ಪ್ರಕಟಿಸಿದ ವರದಿಯಲ್ಲಿ ರಮ್ಯವಾಗಿ ಬರೆದರು. ಆ ಕಥೆಯನ್ನು ಬಹುಕಾಲ ಜನರು ನಂಬಿದರು. ಎಲುಬುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿ ಬೋರ್ನ್‌ಮತ್ ವಿಶ್ವವಿದ್ಯಾನಿಲಯದವರು 2025ರಲ್ಲಿ ಪ್ರಕಟಿಸಿದ ನಿರ್ಣಯವಾದರೋ ಬೇರೆ: ಅವರು ಒಂದೇ ದಿನ ಮಡಿದವರಲ್ಲ; ಕ್ರಿಸ್ತಪೂರ್ವ ಒಂದನೆಯ ಶತಮಾನದ ಕೊನೆಯಿಂದ ಕ್ರಿಸ್ತಶಕ ಒಂದನೆಯ ಶತಮಾನದ ಆದಿಯ ವರೆಗೆ, ಕೆಲವು ತಲೆಮಾರುಗಳಲ್ಲಿ ಬೇರೆಬೇರೆ ಕಾಲಗಳಲ್ಲಿ ಸತ್ತವರು. ಆಚಾರ್ಯರ ವ್ಯಾಖ್ಯಾನವು ಬಿದ್ದಿತು. ಆದರೆ ಎಲುಬುಗಳನ್ನು ಜೋಪಾನಮಾಡಿ, ಗೋರಿಗಳನ್ನು ಗುರುತಿಸಿ ಬರೆದಿಟ್ಟುದರಿಂದಲೇ ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಗುರುವಿನ ಮಾತನ್ನು ಗುರುವಿನ ದಾಖಲೆಯಿಂದಲೇ ತಿದ್ದಬಹುದೆಂಬ ಈ ಪಾಠವು ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಅತ್ಯಂತ ಅವಶ್ಯವಾದುದು. ಗುರುಭಕ್ತಿಗೆ ಇದರಿಂದ ಕುಂದಿಲ್ಲ.

ಇನ್ನು ಮರಳಿ ಬಂದವರ ಮಾತು. ಸಾಂಕಳಿಯಾ ಅವರು 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ವ್ಹೀಲರರೇ 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಗೆ ಅಧಿಪತಿಗಳಾಗಿ ಬಂದು, ತಕ್ಷಶಿಲೆಯಲ್ಲಿ ನಮ್ಮ ತರುಣರಿಗೆ ಇದೇ ವಿದ್ಯೆಯನ್ನು ಕಲಿಸಿದರು. 1947ರಲ್ಲಿ ಅವರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದರು. ಅಶೋಕನ ಶಾಸನವಿರುವ ಆ ಸ್ಥಳವನ್ನು ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಮೊದಲೇ ಅಗೆದು ನೋಡಿದ್ದರು. ಕಲ್ಲುಕೊಡಲಿಯ ಜನರು ಕೆಳಗೆ, ಕಲ್ಲುಗೋರಿಗಳ ಜನರು ಅವರ ಮೇಲೆ, ಸಾತವಾಹನರ ಕಾಲದವರು ಅದಕ್ಕೂ ಮೇಲೆ ಎಂಬ ಕ್ರಮವು ಅಲ್ಲಿನ ಒಡ್ಡುಗಳಲ್ಲಿ ಕಂಡುಬಂದಿತು. ಸಾಂಕಳಿಯಾ ಅವರ ಶಿಷ್ಯರಾದ ಬಿ. ಸುಬ್ಬರಾಯರು ಬಳ್ಳಾರಿಯ ಬಳಿಯ ಸಂಗನಕಲ್ಲನ್ನು ಅಗೆದರು. ಅದೇ ಕಾಲೇಜಿನಿಂದ ಎಂ. ಎಸ್. ನಾಗರಾಜರಾಯರು 1963–64ರಲ್ಲಿ ಸಿರುಗುಪ್ಪದ ಸೀಮೆಯ ತೆಕ್ಕಲಕೋಟೆಗೆ ಬಂದು, ಬೆಟ್ಟದ ಮೇಲೆ ಬಾಳಿದ ಶಿಲಾಯುಗದ ಜನರ ಮನೆಗಳನ್ನೂ ಶವಸಂಸ್ಕಾರದ ನೆಲೆಗಳನ್ನೂ ಬಿಡಿಸಿದರು.